ಹತ್ತನೆಯ ಪುಟ ಖಾಲಿ ಇರಲಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಅಮ್ಮನವರಿಗೆ — ಸರ್ ಅವರ ಶ್ರೀಮತಿಯವರನ್ನು ಈ ಶಾಲೆಯಲ್ಲಿ ನಾವೆಲ್ಲ ಅಮ್ಮ ಎಂದೇ ಕರೆಯುವುದು — ಅವರ ಮಗಳಿಗೆ, ಅಳಿಯನಿಗೆ, ನಮ್ಮ ಮುಖ್ಯೋಪಾಧ್ಯಾಯಿನಿ ಮೇಡಂ ಅವರಿಗೆ, ಸಹೋದ್ಯೋಗಿಗಳಿಗೆ, ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿರುವ ಹಳೆಯ ವಿದ್ಯಾರ್ಥಿಗಳಿಗೆ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕುಳಿತಿರುವ ಈಗಿನ ವಿದ್ಯಾರ್ಥಿಗಳಿಗೆ — ಅಲ್ಲಿಂದ ಇಳಿಯಿರಿ ಮಕ್ಕಳೇ, ಕುರ್ಚಿ ಇದೆ — ಎಲ್ಲರಿಗೂ.

ಈ ಮೈಕ್ ಸ್ವಲ್ಪ ಕೆಳಗಿಳಿಸಬಹುದೇ? ಸಾಕು, ಸಾಕು. ಹೀಗೇ ಇರಲಿ.

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಾನು ಗಣಿತ ಕಲಿಸುವವಳು. ಐದು ಎಂದರೆ ಐದೇ ಎಂದು ನಂಬಿದವಳು. ಇವತ್ತು ಮಾತ್ರ ಹೆಚ್ಚಾಗುತ್ತದೆ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ.

ಇನ್ನೊಂದು ಮಾತು. ನನ್ನ ಕಣ್ಣು ಆಗಾಗ ಬಾಗಿಲ ಕಡೆ ಹೋಗುತ್ತದೆ. ಕೊನೆಯ ಸಾಲಿನಲ್ಲಿ ನಮ್ಮ ಅತ್ತೆಯವರಿದ್ದಾರೆ, ಅವರ ತೊಡೆಯ ಮೇಲೆ ನನ್ನ ಮಗಳಿದ್ದಾಳೆ. ಎಂಟು ತಿಂಗಳು. ಈ ಎಂಟು ತಿಂಗಳಲ್ಲಿ ನಾನು ಒಂದೇ ಸಮನೆ ಮೂರು ಗಂಟೆ ನಿದ್ದೆ ಮಾಡಿದ್ದು ನೆನಪಿಲ್ಲ. ಅವಳು ಅತ್ತರೆ ಭಯ, ಅಳದಿದ್ದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಇನ್ನೂ ಭಯ. ಆದರೆ ಬಾಗಿಲ ಕಡೆ ನೋಡಲು ಇದೊಂದೇ ಕಾರಣವಲ್ಲ.

ಬಾಗಿಲ ಪಕ್ಕದ ಮೇಜಿನ ಮೇಲೆ ಇನ್ನೂರು ಪುಸ್ತಕಗಳಿವೆ. ತೆಳ್ಳಗಿನವು, ನೀಲಿ ರಟ್ಟಿನವು. ಒಳಗೆ ಬರುವಾಗ ನೋಡಿದ್ದೀರಿ. ಪ್ರಾಚೀನ ಗ್ರಂಥಗಳಿಂದ ವಿದ್ಯಾರ್ಥಿಗಳು ಕಲಿಯಬಹುದಾದ ಹತ್ತು ಪಾಠಗಳು — ಸರ್ ಹೆಸರಿನಲ್ಲಿ. ಈ ಶ್ರದ್ಧಾಂಜಲಿ ಸಭೆ ಮುಗಿದ ಮೇಲೆ ನಿಮಗೆಲ್ಲ ಒಂದೊಂದು ಕೊಡುವುದೆಂದು ತೀರ್ಮಾನವಾಗಿದೆ.

ಆ ಪುಸ್ತಕದಲ್ಲಿ ಒಂದು ತಪ್ಪಿದೆ. ಸರ್ ಹೇಳದ ಮಾತೊಂದನ್ನು ಸರ್ ಹೇಳಿದರೆಂದು ಅಚ್ಚು ಹಾಕಲಾಗಿದೆ. ಹಾಕಿದವಳು ನಾನು. ಅದು ನಿಮ್ಮ ಕೈಗೆ ಬರುವ ಮುಂಚೆ, ಅವರ ಮನೆಯವರ ಎದುರಿಗೆ, ನಾನು ಅದನ್ನು ಹೇಳಬೇಕು. ಆದರೆ ಸರ್ ಹೇಗೆ ಪಾಠ ಮಾಡುತ್ತಿದ್ದರೆಂದು ಹೇಳದೆ ನನ್ನ ತಪ್ಪು ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ.

ಹಾಗಾಗಿ — ಅಲ್ಲಿಂದ ಶುರು ಮಾಡುತ್ತೇನೆ.

ಮಕ್ಕಳು ಅವರಿಗೆ ಇಟ್ಟ ಹೆಸರು ನಿಮಗೆಲ್ಲ ಗೊತ್ತು. ಮಾಡಿನೋಡಿ ಮೇಷ್ಟ್ರು. ನಗಬಹುದು, ನಗಿ. ಅವರೂ ನಗುತ್ತಿದ್ದರು. ಮೂವತ್ತೊಂದು ವರ್ಷ ಭಾಷೆ ಕಲಿಸಿದರು. ಆದರೆ ಜನ ನೆನಪಿಟ್ಟುಕೊಂಡದ್ದು ಶನಿವಾರದ ಕೊನೆಯ ಪೀರಿಯಡ್ಡನ್ನು. ಪ್ರಯೋಗಾಲಯದ ಪಕ್ಕದ ಆ ಕಿರಿದಾದ ಕೋಣೆ, ಕುಂಟುವ ಡೆಸ್ಕಿನ ಕಾಲಿಗೆ ಮಡಚಿಟ್ಟ ಹಳೆಯ ಪ್ರಶ್ನೆಪತ್ರಿಕೆ, ಕನ್ನಡಕದ ಡಬ್ಬಿಯಲ್ಲಿ ಅರ್ಧರ್ಧ ಮುರಿದಿಟ್ಟ ಚಾಕ್‌ಪೀಸು. ಅಲ್ಲಿ ಅವರು ವಾರಕ್ಕೊಂದು ಕಥೆ ಹೇಳುತ್ತಿದ್ದರು. ಉಪನಿಷತ್ತಿನಿಂದ, ಪುರಾಣದಿಂದ, ಯಾವುದೋ ಹಳೆಯ ಗ್ರಂಥದಿಂದ. ಕೂತು ಹೇಳಿದ್ದನ್ನು ನಾನು ಕಂಡಿಲ್ಲ. ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ಕುರ್ಚಿ ಅವರಿಗೆ ಕೋಟು ನೇತುಹಾಕುವ ವಸ್ತುವಾಗಿತ್ತು.

ಕಥೆ ಮುಗಿಯುತ್ತಿತ್ತು. ಮಕ್ಕಳು ಪೆನ್ನು ಎತ್ತಿಕೊಂಡು ಕಾಯುತ್ತಿದ್ದರು — ನೀತಿ ಏನು ಸರ್? ಸರ್ ನೀತಿ ಹೇಳುತ್ತಿರಲಿಲ್ಲ. "ಹೋಗಿ. ಒಂದು ವಾರ ಮಾಡಿ ನೋಡಿ. ಮುಂದಿನ ಶನಿವಾರ ಬಂದು ಏನ್ ಮಾಡಿದ್ರಿ ಅಂತ ಹೇಳಿ." ಏನು ಅರ್ಥವಾಯಿತು ಎಂದಲ್ಲ. ಏನು ಮಾಡಿದಿರಿ ಎಂದು. ಯಾರಾದರೂ ಬಂದು ಹೇಳಿದರೆ ಅದನ್ನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಯಾರೂ ಏನೂ ಮಾಡಿರದಿದ್ದರೆ ಆ ಕಥೆಯ ಪುಟವನ್ನು ಖಾಲಿ ಬಿಡುತ್ತಿದ್ದರು. ಅವರ ನಿಯಮ ಅಷ್ಟೇ. ಮಾಡಿದವರು ಹೇಳಬಹುದು. ಮಾಡದವರು ಕಾಯಬೇಕು. ಆ ನಿಯಮ ಮೇಷ್ಟ್ರಿಗೂ ಅನ್ವಯ.

ನಾನು ಈ ಶಾಲೆಗೆ ಸೇರಿದ ವರ್ಷ — ನಾಲ್ಕು ವರ್ಷದ ಹಿಂದೆ — ಇದೆಲ್ಲ ನನಗೆ ಕಾಲಹರಣದಂತೆ ಕಂಡಿತ್ತು. ನಿಜ ಹೇಳುತ್ತಿದ್ದೇನೆ. ಒಂದು ಶನಿವಾರ ಪಕ್ಕದ ಪ್ರಯೋಗಾಲಯದಿಂದ ಭಯಂಕರ ಗಲಾಟೆ. ಹೋಗಿ ನೋಡಿದರೆ ಮೂವತ್ತು ಮಕ್ಕಳು, ಒಂದು ಬರ್ನರ್, ಮೇಲೆ ಬೀಕರಿನಲ್ಲಿ ಕುದಿಯುತ್ತಿರುವ ನೀರು.

ಅವತ್ತಿನ ಕಥೆ ಉಪ್ಪಿನದು. ಅಪ್ಪ ಮಗನಿಗೆ ಹೇಳುತ್ತಾನೆ, ಈ ಉಪ್ಪನ್ನು ನೀರಿಗೆ ಹಾಕು, ನಾಳೆ ಬಾ. ಮರುದಿನ, ನಿನ್ನೆ ಹಾಕಿದ ಉಪ್ಪನ್ನು ತೆಗೆದುಕೊಡು ಎನ್ನುತ್ತಾನೆ. ಮಗ ಹುಡುಕುತ್ತಾನೆ, ಸಿಗುವುದಿಲ್ಲ. ಮೇಲಿನಿಂದ ಒಂದು ಗುಟುಕು ಕುಡಿ — ಉಪ್ಪು. ನಡುವಿನಿಂದ — ಉಪ್ಪು. ತಳದಿಂದ — ಉಪ್ಪು. ಕಾಣದ್ದು ಇಲ್ಲ ಎಂದಲ್ಲ ಮಗನೇ, ಎನ್ನುತ್ತಾನೆ ಅಪ್ಪ. ಇಲ್ಲಿಗೆ ನಿಲ್ಲಿಸಿದ್ದರೆ ಚೆಂದದ ಕಥೆ. ಆದರೆ ಆ ತರಗತಿಯಲ್ಲಿ ವಕೀಲ ಎಂಬ ಅಡ್ಡಹೆಸರಿನ ಹುಡುಗನೊಬ್ಬನಿದ್ದ.

"ಸರ್, ಸುಳ್ಳು. ಉಪ್ಪು ವಾಪಸ್ ಸಿಗತ್ತೆ. ಕಾಯಿಸಿದ್ರೆ ಆಯ್ತು."

"ಹೌದಾ? ಕಾಯಿಸಿ ತೋರ್ಸು."

ಕಾಯಿಸಿದ. ಮುಕ್ಕಾಲು ಗಂಟೆ. ಮನೆಗೆ ಹೋಗುವ ಗಂಟೆ ಹೊಡೆದರೂ ಒಂದು ಮಗುವೂ ಅಲ್ಲಾಡಲಿಲ್ಲ. ಕೊನೆಗೆ ತಳದಲ್ಲಿ ಬಿಳಿಯ ಪುಡಿ. ವಕೀಲ ಬೀಕರನ್ನು ಬಟ್ಟೆಯಲ್ಲಿ ಹಿಡಿದು — ಹೀಗೆ — ಗೆದ್ದ ಟ್ರೋಫಿಯಂತೆ ಎತ್ತಿದ.

"ನೋಡಿ ಸರ್! ನಿಮ್ಮ ಗ್ರಂಥ ಸೋಲ್ತು!"

"ಗ್ರಂಥ ಉಪ್ಪು ಸಿಗೋದೇ ಇಲ್ಲ ಅಂದಿತ್ತೇನೋ? ಕಣ್ಣಿಗೆ ಕಾಣಲ್ಲ ಅಂದಿತ್ತು. ನಾಲಿಗೆಗೆ ಕೊಡು ಅಂದಿತ್ತು. ನೀನು ಬೆಂಕಿಗೆ ಕೊಟ್ಟೆ. ಭೇಷ್! ಆ ಅಪ್ಪ ಬದುಕಿದ್ದಿದ್ರೆ ನಿನ್ನ ಬೆನ್ನು ತಟ್ಟಿರೋನು. ಈಗ ಆ ಬೀಕರ್ ತೊಳೀರಿ, ವಿಜ್ಞಾನದ ಮೇಡಂ ನನ್ನ ಚರ್ಮ ಸುಲೀತಾರೆ."

ವಿಜ್ಞಾನದ ಮೇಡಂ ತಲೆ ಆಡಿಸುತ್ತಿದ್ದಾರೆ. ಆ ಬೀಕರ್ ಬಿರುಕು ಬಿಟ್ಟಿತ್ತು ಎಂದು ನನಗೆ ಗೊತ್ತು ಮೇಡಂ. ವಕೀಲ ಕೂಡ ಬಂದಿದ್ದಾನೆ ಅಲ್ಲವೇ? ಆ ಕಂಬದ ಹತ್ತಿರ. ತಲೆ ಬಗ್ಗಿಸಬೇಡಪ್ಪ. ಆ ನೋಟ್‌ಬುಕ್ಕಿನಲ್ಲಿ ಒಂದು ಪುಟ ನಿನ್ನದು. ಸರ್ ಬರೆದಿದ್ದಾರೆ: "ನನ್ನನ್ನು ನಂಬಲಿಲ್ಲ. ಕಾಯಿಸಿ ನೋಡಿದ."

ಕ್ಷಮಿಸಿ. ಅತ್ತೆ, ಎದ್ದಳೇ? ಇಲ್ಲವೇ? ಸರಿ. ಸರಿ.

ಎರಡನೆಯ ಕಥೆ ನನ್ನ ಪ್ರಾಣ ತಿಂದದ್ದು. ಗುರುವಿನ ಬಳಿ ಕಲಿಯಲು ಒಬ್ಬ ಹುಡುಗ ಬರುತ್ತಾನೆ. ನಿನ್ನ ತಂದೆ ಯಾರು, ಯಾವ ಮನೆತನ ಎಂದು ಗುರು ಕೇಳುತ್ತಾನೆ. ಹುಡುಗ ಅಮ್ಮ ಹೇಳಿಕೊಟ್ಟದ್ದನ್ನೇ ಹೇಳುತ್ತಾನೆ: ಅಮ್ಮನಿಗೂ ಗೊತ್ತಿಲ್ಲವಂತೆ, ಎಷ್ಟೋ ಮನೆಗಳಲ್ಲಿ ದುಡಿಯುತ್ತಿದ್ದ ದಿನಗಳಲ್ಲಿ ನಾನು ಹುಟ್ಟಿದೆನಂತೆ. ಸುತ್ತ ಇದ್ದವರು ಏನೆಂದುಕೊಂಡರೋ. ಗುರು ಮಾತ್ರ, ಇಷ್ಟು ನಿಜ ಹೇಳಬಲ್ಲವನು ಕಲಿಯಬಲ್ಲ, ಬಾ ಎಂದ. ಸೇರಿಸಿಕೊಂಡ.

ಆ ವಾರ ನಾನು ಏಳು ತಿಂಗಳ ಬಸುರಿ. ಕಾಲು ಬಾತಿತ್ತು. ಉತ್ತರಪತ್ರಿಕೆ ತಿದ್ದಿ ಹಂಚಿ ಕುರ್ಚಿಗೆ ಬಿದ್ದಿದ್ದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಮಿಸ್, ನಂಗೆ ಅಂಕ ಜಾಸ್ತಿ ಬಂದಿದೆ."

"ಬರ್ಲಿ ಬಿಡು ಪುಟ್ಟಾ, ಸಂತೋಷ."

"ಅಲ್ಲ ಮಿಸ್. ಕೂಡೋದ್ರಲ್ಲಿ ತಪ್ಪಾಗಿದೆ. ತೆಗೀರಿ."

"ನಾನೇ ಬಿಟ್ಟಿದೀನಲ್ಲ, ಹೋಗು."

"ಬಿಡಕ್ಕಾಗಲ್ಲ ಮಿಸ್!" — ಕಣ್ಣಲ್ಲಿ ನೀರು — "ಶನಿವಾರ ಹೇಳ್ಬೇಕು!"

ನಾನು ಎದ್ದು ಎದುರು ಮೇಜಿಗೆ ಹೋದೆ. ಅಲ್ಲಿ ಸರ್ ಕೂತಿರಲಿಲ್ಲ, ಎಂದಿನಂತೆ ನಿಂತಿದ್ದರು. "ಸರ್, ಗಣಿತದ ಮೇಡಂಗೆ ಕೂಡೋಕೆ ಬರಲ್ಲ ಅಂತ ಊರಿಗೆಲ್ಲ ಸಾರಿಸ್ತಿದೀರಾ?" ಎಂದೆ. ಸಿಟ್ಟಿನಲ್ಲೇ. ಅವರು ಚಾಕ್‌ಪೀಸಿನ ಪುಡಿ ಕೊಡವಿಕೊಂಡರು. "ಅಂಕ ತೆಗೆದ್ರಾ ಮೇಡಂ?" ಎಂದರು. ಅಷ್ಟೇ. ತೆಗೆದೆ. ಆ ಮಗು ಥ್ಯಾಂಕ್ಸ್ ಹೇಳಿ ಓಡಿತು! ಇಷ್ಟು ವರ್ಷದಲ್ಲಿ ಅಂಕ ಕಳೆದದ್ದಕ್ಕೆ ನನಗೆ ಥ್ಯಾಂಕ್ಸ್ ಹೇಳಿದವಳು ಅವಳೊಬ್ಬಳೇ.

ಅದೇ ಕಥೆಯ ಹುಡುಗನನ್ನು ಗುರು ಮುಂದೆ ನಾನೂರು ಬಡಕಲು ಹಸುಗಳ ಜೊತೆ ಕಾಡಿಗೆ ಕಳಿಸುತ್ತಾನೆ. ಸಾವಿರ ಆಗುವವರೆಗೆ ಅವನು ಮರಳುವುದಿಲ್ಲ. ದಾರಿಯಲ್ಲಿ ಅವನಿಗೆ ಪಾಠ ಹೇಳಿದ್ದು ಯಾರು? ಒಂದು ಹೋರಿ. ಬೆಂಕಿ. ಹಕ್ಕಿ. ಈ ಕಥೆ ಕೇಳಿದ ವಾರ ಹುಡುಗಿಯೊಬ್ಬಳು ಮೊದಲ ಬಾರಿಗೆ ಗಂಟೆಯಣ್ಣನ ಬಳಿ ಹೋಗಿ ಮಾತನಾಡಿಸಿದಳು. ಶಾಲೆಯ ಗಂಟೆ ಹೊಡೆಯುವ ನಮ್ಮ ಗಂಟೆಯಣ್ಣ. "ಅಣ್ಣಾ, ನೀವು ಒಂದ್ಸಲಾನೂ ಲೇಟ್ ಆಗಲ್ವಲ್ಲ, ಹೇಗೆ?" ಗಂಟೆಯಣ್ಣ ಹೇಳಿದರಂತೆ — ಸೇರಿದ ಹೊಸತರಲ್ಲಿ ಪರೀಕ್ಷೆಯ ದಿನ ನಾಲ್ಕು ನಿಮಿಷ ಮುಂಚೆ ಹೊಡೆದುಬಿಟ್ಟಿದ್ದೆ, ಒಂದು ಮಗು ಬರೆಯುತ್ತಿದ್ದ ಪೇಪರನ್ನು ಕಿತ್ತುಕೊಂಡರು, ಅವತ್ತಿನಿಂದ ನನ್ನ ಹೊಟ್ಟೆಯೇ ಗಡಿಯಾರ. ಹನ್ನೊಂದು ವರ್ಷ ಅದನ್ನು ಯಾರೂ ಕೇಳಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಅದೂ ಒಂದು ಪುಟ.

ನಾನು ಯಾಕೆ ಇದನ್ನೆಲ್ಲ ಇಷ್ಟು ಅವಸರದಲ್ಲಿ ಹೇಳುತ್ತಿದ್ದೇನೆ ಎಂದರೆ — ಇವು ಆ ನೀಲಿ ಪುಸ್ತಕದಲ್ಲಿವೆ. ಒಂಬತ್ತು ಪುಟ, ಒಂಬತ್ತು ಕಥೆ, ಒಂಬತ್ತು ಮಕ್ಕಳು ಮಾಡಿದ ಒಂಬತ್ತು ಕೆಲಸ. ಅವು ನಿಜ. ಹತ್ತನೆಯದು —

ನೀರು ಇದೆಯೇ? ಥ್ಯಾಂಕ್ಸ್.

ಹತ್ತನೆಯ ಕಥೆಯನ್ನು ಸರ್ ತಮ್ಮ ಕೊನೆಯ ಶನಿವಾರ ಹೇಳಿದರು. ಕೊನೆಯದು ಎಂದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಸಾವಿನ ಮನೆಗೆ ಹೋದ ಹುಡುಗನ ಕಥೆ. ಅಪ್ಪ ದಾನ ಮಾಡುತ್ತಿದ್ದಾನೆ. ಕೊಡುತ್ತಿರುವುದು ಹಾಲು ಬತ್ತಿದ ಮುದಿ ಹಸುಗಳನ್ನು. ಮಗ ನೋಡುತ್ತಾನೆ, ಸುಮ್ಮನಿರಲಾರ. ಅಪ್ಪಾ, ನನ್ನನ್ನು ಯಾರಿಗೆ ಕೊಡುತ್ತೀ? ಅಪ್ಪ ಉತ್ತರಿಸುವುದಿಲ್ಲ. ಯಾರಿಗೆ ಕೊಡುತ್ತೀ? ಮತ್ತೆ ಕೇಳುತ್ತಾನೆ. ಮೂರನೆಯ ಸಲ ಕೇಳಿದಾಗ ಅಪ್ಪ ರೇಗಿ, ಸಾವಿಗೆ ಕೊಡುತ್ತೇನೆ ಹೋಗು, ಎಂದುಬಿಡುತ್ತಾನೆ. ಹುಡುಗ ಹೊರಟೇಬಿಡುತ್ತಾನೆ. ಸಾವು ಮನೆಯಲ್ಲಿಲ್ಲ. ಮೂರು ದಿನ ಹೊಸ್ತಿಲಲ್ಲಿ ಅನ್ನ ನೀರಿಲ್ಲದೆ ಕಾಯುತ್ತಾನೆ. ಸಾವು ಬಂದು, ಅತಿಥಿಯನ್ನು ಕಾಯಿಸಿದೆನಲ್ಲ ಎಂದು ನಾಚಿ, ಮೂರು ವರ ಕೇಳು ಎನ್ನುತ್ತದೆ. ಕೊನೆಯ ವರವಾಗಿ ಹುಡುಗ ಕೇಳುವುದು ಒಂದು ಪ್ರಶ್ನೆ: ಸತ್ತ ಮೇಲೆ ಮನುಷ್ಯ ಇರುತ್ತಾನೋ ಇಲ್ಲವೋ? ಸಾವು ಬೇಡುತ್ತದೆ — ಅದೊಂದು ಬಿಟ್ಟು ಏನಾದರೂ ಕೇಳು. ರಾಜ್ಯ ತೆಗೆದುಕೋ, ಆಯುಷ್ಯ ತೆಗೆದುಕೋ. ಹುಡುಗ, ಅದೆಲ್ಲ ನೀನೇ ಇಟ್ಟುಕೋ, ಪ್ರಶ್ನೆಗೆ ಉತ್ತರ ಕೊಡು, ಎನ್ನುತ್ತಾನೆ.

ಕಥೆ ಮುಗಿಸಿ ಸರ್ ಎಂದಿನಂತೆ, ಹೋಗಿ, ಮಾಡಿ ನೋಡಿ, ಎಂದರು. ಮಂಗಳವಾರ ಮೆಟ್ಟಿಲಲ್ಲಿ ಕುಸಿದರು. ಮುಂದಿನ ಶನಿವಾರ ಆ ಕೋಣೆಗೆ ಬೀಗ. ಮಕ್ಕಳು ಏನು ಮಾಡಿದರೆಂದು ಯಾರೂ ಕೇಳಲಿಲ್ಲ. ಆ ಕಥೆಯ ಪುಟ ಖಾಲಿ ಉಳಿಯಿತು.

ಪುಸ್ತಕ ಮಾಡೋಣ ಎಂದವರು ನಮ್ಮ ಮುಖ್ಯೋಪಾಧ್ಯಾಯಿನಿ ಮೇಡಂ. ಒಳ್ಳೆಯ ಮನಸ್ಸಿನಿಂದಲೇ ಎಂದರು. ವರ್ಷದ ಕೊನೆಗೆ ಸರ್ ನಿವೃತ್ತರಾಗುತ್ತಾರೆ, ಆಸ್ಪತ್ರೆಯಿಂದ ಬರುವ ಹೊತ್ತಿಗೆ ಕೈಗೆ ಒಂದು ಪುಸ್ತಕ ಇಡೋಣ ಎಂದು. ನೋಟ್‌ಬುಕ್ಕನ್ನು ನನಗೆ ಕೊಟ್ಟರು. ಅದರಿಂದ ಆರಿಸಿದ ಒಂಬತ್ತು ಕಥೆ, ಹತ್ತನೆಯದು ಸರ್ ಹೇಳಿದ ಕೊನೆಯ ಕಥೆ. ಹತ್ತು ಪಾಠ, ಪ್ರತಿ ಪುಟದ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು. ಮಗಳು ಮಧ್ಯಾಹ್ನ ಮಲಗಿದಾಗ ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತ ಇನ್ನೊಂದು ಕೈಯಲ್ಲಿ ಟೈಪ್ ಮಾಡಿದೆ. ಒಂಬತ್ತು ಆಯಿತು. ಹತ್ತನೆಯದಕ್ಕೆ ಏನೂ ಇಲ್ಲ. ಒಂಬತ್ತು ಪಾಠಗಳು ಎಂದರೆ ಚೆನ್ನಾಗಿ ಕೇಳಿಸುವುದಿಲ್ಲ ಎಂದು ನನಗೇ ಅನ್ನಿಸಿತು. ಮಗಳು ಏಳುವ ಸದ್ದು. ಪ್ರೆಸ್ಸಿನವರು ಆಗಲೇ ಎರಡು ಸಲ ಫೋನ್ ಮಾಡಿದ್ದರು. ನಾನು ಒಂದು ಸಾಲು ಹೊಡೆದೆ. ಯಾವ ನೀತಿ ಪುಸ್ತಕದಲ್ಲಾದರೂ ಇರುವಂಥದ್ದು, ಬೆರಳು ತಾನಾಗಿಯೇ ಹೊಡೆಯುವಂಥದ್ದು. ಓದುತ್ತೇನೆ.

"ಹಿರಿಯರ ಮಾತನ್ನು ಪ್ರಶ್ನಿಸದೆ ಪಾಲಿಸುವವನೇ ನಿಜವಾದ ವಿದ್ಯಾರ್ಥಿ."

ಯಾರೋ ನಕ್ಕರು. ನಗಬೇಕಾದದ್ದೇ. ಅಪ್ಪನನ್ನು ಮೂರು ಸಲ ಕೇಳಿದ ಹುಡುಗ, ಸಾವನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳಿದ ಹುಡುಗ — ಅವನ ಕಥೆಯ ಕೆಳಗೆ ಈ ಸಾಲು.

ಸುಸ್ತು ಎನ್ನಬಹುದು. ನಾನೂ ನನಗೆ ಹಾಗೇ ಹೇಳಿಕೊಂಡೆ. ಆದರೆ ಪೂರ್ತಿ ನಿಜ ಅದಲ್ಲ. ಆ ಸಾಲು ಹೊಡೆದಾಗ ನನಗೆ ಹಿತವಾಗಿತ್ತು. ತೊಟ್ಟಿಲಲ್ಲಿರುವವಳು ಹೇಳಿದಂತೆ ಕೇಳಲಿ, ಮಲಗು ಎಂದರೆ ಮಲಗಲಿ, ಮುಂದೆಯೂ ಬೀದಿ ದಾಟಬೇಡ ಎಂದರೆ ದಾಟದಿರಲಿ, ನನ್ನ ಎದೆ ಬಡಿತ ಹೆಚ್ಚಿಸುವಂಥದ್ದನ್ನು ಯಾವತ್ತೂ ಕೇಳದಿರಲಿ. ಆ ಸಾಲು ಸರ್ ಅವರದಲ್ಲ, ಗ್ರಂಥದ್ದೂ ಅಲ್ಲ. ಹೆದರಿದ ತಾಯಿಯೊಬ್ಬಳದು. ಅದರ ಕೆಳಗೆ ಮೂವತ್ತೊಂದು ವರ್ಷ ಕಲಿಸಿದ ಮೇಷ್ಟ್ರ ಹೆಸರು ಹಾಕಿದೆ.

ಇನ್ನೂ ಇದೆ. ಇದಕ್ಕಿಂತ ಕೆಟ್ಟದ್ದು ಮುಂದಿದೆ.

ಪ್ರೂಫನ್ನು ಆಸ್ಪತ್ರೆಗೆ ಕಳಿಸಿದೆವು. ನಾಲ್ಕು ದಿನದ ನಂತರ ನಾನು ನೋಡಲು ಹೋದಾಗ ಸರ್ ಕಂದು ಲಕೋಟೆಯೊಂದನ್ನು ಕೊಟ್ಟರು. ಮೂಗಿಗೆ ನಳಿಗೆ ಇತ್ತು, ಮಾತು ಮೆಲ್ಲಗೆ. ಮಗಳು ನನ್ನ ಸೊಂಟದ ಮೇಲೆ ಒಂದೇ ಸಮ ಕಿರುಚುತ್ತಿದ್ದಳು, ನರ್ಸ್ ಹೊರಗೆ ಹೋಗಿ ಎಂದು ಕಣ್ಣು ಬಿಡುತ್ತಿದ್ದರು. ನನ್ನ ಮುಖ ನೋಡಿ ಸರ್, "ನಿದ್ದೆ ಇಲ್ವಾ ಮೇಡಂ?" ಎಂದರು.

"ಇಲ್ಲ ಸರ್. ನಿಮ್ಮ ಗ್ರಂಥಗಳಲ್ಲಿ ಮಗು ಮಲಗ್ಸೋಕೆ ಏನಾದ್ರೂ ಇದ್ಯಾ?"

"ಅದ್ರಲ್ಲಿ ಬರೀ ಏಳಿ, ಎಚ್ಚರವಾಗಿ ಅಂತಾನೇ ಇದೆ. ನಿಮಗೆ ಉಪಯೋಗಕ್ಕೆ ಬರೋ ಪುಸ್ತಕ ಅಲ್ಲ."

ನನ್ನೊಂದಿಗೆ ಅವರು ಆಡಿದ ಕೊನೆಯ ಮಾತು ಇದು. ನಾನು ನಕ್ಕೆ. ಲಕೋಟೆಯನ್ನು ಮಗುವಿನ ಚೀಲಕ್ಕೆ ತುರುಕಿದೆ. ಮರುದಿನ ಮೇಡಂ ಕೇಳಿದರು, "ಸರ್ ನೋಡಿದ್ರಾ? ಏನಾದ್ರೂ ತಿದ್ದಿದಾರಾ?" ನಾನು — ಲಕೋಟೆ ಬಿಚ್ಚದೆ — "ನೋಡಿದಾರೆ ಮೇಡಂ. ಏನೂ ತಿದ್ದಿಲ್ಲ" ಎಂದೆ.

ಎರಡು ದಿನಕ್ಕೆ ಸರ್ ಹೋದರು. ಪುಸ್ತಕ ಅಚ್ಚಿಗೆ ಹೋಯಿತು. ಲಕೋಟೆ ಚೀಲದ ತಳದಲ್ಲಿ, ಡೈಪರ್‌ಗಳ ಕೆಳಗೆ.

ಮೊನ್ನೆ ನಮ್ಮ ಅತ್ತೆ ಚೀಲ ಒಗೆಯಲು ತೆಗೆದರು. "ಇದೇನಮ್ಮಾ, ಮಗು ಬಟ್ಟೆ ಮಧ್ಯ ಶಾಲೆ ಕಾಗದ? ಬೇಕೋ ಬೇಡವೋ?" ನಿಂತಲ್ಲೇ ಬಿಚ್ಚಿದೆ. ಒಂಬತ್ತು ಪುಟಗಳಲ್ಲಿ ಒಂದೊಂದು ಸಣ್ಣ ಗುರುತು, ಸರಿ ಎಂದು. ಆ ಅಂಕದ ಹುಡುಗಿಯ ಪುಟದಲ್ಲಿ ನಾನು ಎರಡು ಅಂಕ ಎಂದು ಬರೆದಿದ್ದೆ, ಅದನ್ನು ಹೊಡೆದುಹಾಕಿ, "ಮೂರು. ನೀವೇ ಕೊಟ್ಟದ್ದು" ಎಂದಿದ್ದರು. ಹತ್ತನೆಯ ಪುಟದಲ್ಲಿ ನನ್ನ ದಪ್ಪ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ನಡುಗುವ ಅಕ್ಷರ. ಇಗೋ, ಇಲ್ಲಿದೆ. ಅವರು ನನ್ನನ್ನು ಬೈದಿಲ್ಲ. ತಪ್ಪು ಎಂದೂ ಬರೆದಿಲ್ಲ.

"ಮೇಡಂ, ಮಾಡಿ ನೋಡಿದಿರಾ?"

ಅಷ್ಟೇ.

ಒಂದು ನಿಮಿಷ. — ಸರಿ.

ನಾನು ಮೇಡಂ ಅವರಿಗೆ ಫೋನ್ ಮಾಡಿದೆ. ಇದನ್ನು ಸಭೆಯಲ್ಲಿ ಹೇಳಬಾರದಿತ್ತೇನೋ, ಆದರೆ ಅರ್ಧ ನಿಜ ಹೇಳಿ ಕೂರಲು ಇದು ಜಾಗವಲ್ಲ. ಮೇಡಂ ಹೇಳಿದರು, "ಇನ್ನೂರು ಪ್ರತಿ ಬಂದಾಯ್ತಮ್ಮಾ. ಶೋಕದ ಸಭೆಯಲ್ಲಿ ತಪ್ಪೊಪ್ಪಿಗೆ ನಾಟಕ ಬೇಡ. ಒಂದು ಸಾಲು ಯಾರೂ ಓದಲ್ಲ. ಹಂಚಿಬಿಡೋಣ." ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಅವರು ಕುಟುಂಬಕ್ಕೆ ನೋವಾಗದಿರಲಿ ಎಂದು ನೋಡಿದರು. ನಾನು "ಆಯ್ತು ಮೇಡಂ" ಎಂದು ಫೋನ್ ಇಟ್ಟೆ. ಇಟ್ಟ ಮೇಲೆ ನನ್ನದೇ ಸಾಲು ನೆನಪಾಯಿತು. ಪ್ರಶ್ನಿಸದೆ ಪಾಲಿಸುವವನೇ. ಮಾಡಿ ನೋಡಿದಿರಾ ಎಂದು ಕೇಳಿದ್ದಾರಲ್ಲ ಸರ್ — ಹೌದು, ಈಗ ತಾನೇ ಮಾಡಿ ನೋಡಿದೆ. ಆ ರಾತ್ರಿ ಮಗಳು ತಾನಾಗಿ ಮಲಗಿದಳು. ನನಗೇ ನಿದ್ದೆ ಬರಲಿಲ್ಲ.

ನಿನ್ನೆ ಬೆಳಿಗ್ಗೆ ಮಗಳನ್ನು ಎತ್ತಿಕೊಂಡು ಅಮ್ಮನ ಮನೆಗೆ ಹೋದೆ. ಕಾಗದ ಕೊಟ್ಟೆ, ಎಲ್ಲ ಹೇಳಿದೆ. ಅಮ್ಮ ಕನ್ನಡಕ ಹುಡುಕಿ, ಓದಿ, ಬಹಳ ಹೊತ್ತು ಆ ಪೆನ್ಸಿಲ್ ಅಕ್ಷರದ ಮೇಲೆ ಬೆರಳಾಡಿಸುತ್ತಿದ್ದರು. ಬೈಯುತ್ತಾರೆ ಎಂದು ನಾನು ನಿಂತೇ ಇದ್ದೆ.

"ಕೂತ್ಕೋಮ್ಮಾ. ಈ ಮನುಷ್ಯ ನಂಗೂ ಇದನ್ನೇ ಕೇಳಿದ್ದು, ಮದುವೆ ಆದಾಗಿಂದ. ಪೇಪರ್‌ನಲ್ಲಿ ಹೊಸ ಅಡುಗೆ ಬಂದಿದೆ ಅಂದ್ರೆ, ಮಾಡಿ ನೋಡಿದ್ಯಾ? ಮಂಡಿ ನೋವಿಗೆ ಈ ಎಣ್ಣೆ ಒಳ್ಳೇದಂತೆ ಅಂದ್ರೆ, ಹಚ್ಚಿ ನೋಡಿದ್ಯಾ? ಒಂದಿನ ನಂಗೂ ರೇಗ್ತು. ಇಷ್ಟು ಕೇಳ್ತೀರಲ್ಲ, ನೀವು ಒಂದಿನ ಬಾಯಿ ಮುಚ್ಕೊಂಡು ನೋಡಿದೀರಾ ಅಂದೆ."

"ಏನಂದ್ರು ಅಮ್ಮಾ?"

"ಮುಚ್ಕೊಂಡ್ರು. ಸಂಜೆವರ್ಗೂ. ಮನೆಯೆಲ್ಲ ಬಿಕೋ ಅಂತು. ನಾನೇ ಹೋಗಿ ಮಾತಾಡ್ಸಿದೆ."

ಅಮ್ಮ ಕಾಗದ ಮಡಚಿ ನನ್ನ ಕೈಗೆ ಕೊಟ್ಟರು. ಈಗ ಆ ಮನೆ ಹೇಗಿದೆಯೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆಮೇಲೆ ಅವರೇ ಕೇಳಿದರು — "ಮನೇಲಿ ಬಿಳಿ ಹಾಳೆ ಇದೆ. ಅಂಟು ಎಷ್ಟು ಬೇಕು?"

ಮೇಡಂ, ನಿಮಗೆ ಇದು ಹೊಸ ಸುದ್ದಿ. ಇವತ್ತು ಬೆಳಿಗ್ಗೆ ಎಂಟು ಗಂಟೆಯಿಂದ ಶನಿವಾರದ ಆ ಕೋಣೆಯಲ್ಲಿ ಅಮ್ಮ, ಅವರ ಮಗಳು, ನಾನು, ವಕೀಲ, ಆ ಅಂಕದ ಹುಡುಗಿ ಕೂತು ಹತ್ತನೆಯ ಪುಟದ ಆ ಸಾಲಿನ ಮೇಲೆ ಬಿಳಿಯ ಕಾಗದ ಅಂಟಿಸಿದೆವು, ಅಂಕದ ಪುಟದಲ್ಲಿ ಎರಡನ್ನು ಪೆನ್ನಿನಿಂದ ಮೂರು ಮಾಡಿದೆವು. ಕೀ ಕೊಟ್ಟವರು ಗಂಟೆಯಣ್ಣ, ಅವರನ್ನು ಗದರಬೇಡಿ. ಯಾಕೆ ಎಂದು ಕೇಳಿದರು, ಹೇಳಿದೆ, ಮೂಲೆಯಿಂದ ಇನ್ನೊಂದು ಅಂಟಿನ ಡಬ್ಬಿ ತಂದುಕೊಟ್ಟರು. ನೂರ ನಲವತ್ತು ಪುಸ್ತಕ ಆಯಿತು. ಅರವತ್ತು ಬಾಕಿ ಇದೆ. ಅಷ್ಟರಲ್ಲಿ ಗಂಟೆ ಹೊಡೆಯಿತು — ಅವರ ಹೊಟ್ಟೆಯ ಗಡಿಯಾರ ನಮಗಾಗಿಯೂ ನಿಲ್ಲಲಿಲ್ಲ.

ಪುಸ್ತಕದಲ್ಲಿ ಇನ್ನೂ ತೇವ ಇದೆ. ಹತ್ತನೆಯ ಪುಟ ತಿರುಗಿಸುವಾಗ ಮೆಲ್ಲಗೆ ತಿರುಗಿಸಿ. ಕಾಗದ ಅಂಟಿಸದ ಪ್ರತಿ ಯಾರಿಗಾದರೂ ಸಿಕ್ಕರೆ ಆ ಸಾಲನ್ನು ಹೊಡೆದುಹಾಕಿ. ನನ್ನ ಹೆಸರು ಹೇಳಿಯೇ ಹೊಡೆದುಹಾಕಿ.

ಆ ಕಥೆಯಲ್ಲಿ ನಾನು ಒಂದು ಬಿಟ್ಟೆ. ಸಾವಿನ ಮನೆಯಲ್ಲಿ ಆ ಹುಡುಗ ಕೇಳಿದ ಮೊದಲನೆಯ ವರ ಏನು ಗೊತ್ತೇ? ಜ್ಞಾನವಲ್ಲ. ನಾನು ಮನೆಗೆ ಮರಳಿದಾಗ ಅಪ್ಪನ ಸಿಟ್ಟು ಇಳಿದಿರಲಿ, ನನ್ನನ್ನು ಗುರುತು ಹಿಡಿದು ಮಾತನಾಡಿಸಲಿ — ಇದು. ಅಷ್ಟು ಪ್ರಶ್ನೆ ಕೇಳುವ ಹುಡುಗನೂ ಮೊದಲು ಬೇಡಿದ್ದು ಇದನ್ನೇ. ಮೇಡಂ, ಸೋಮವಾರ ನಾನು ಶಾಲೆಗೆ ಬಂದಾಗ ನಿಮ್ಮ ಬಳಿ ನನ್ನದೂ ಇದೊಂದೇ ಬೇಡಿಕೆ.

ಮುಂದಿನ ಶನಿವಾರದಿಂದ ಆ ತರಗತಿಯನ್ನು ನನಗೆ ವಹಿಸುವ ಮಾತು ಇತ್ತು. ಇನ್ನೂ ಇದೆಯೋ ಇಲ್ಲವೋ ತಿಳಿಯದು. ಇದ್ದರೆ, ಹೊಸ ಕಥೆ ಹೇಳುವುದಿಲ್ಲ. ಬೀಗ ತೆಗೆದು ಒಂದೇ ಮಾತು ಕೇಳುತ್ತೇನೆ. ಮಕ್ಕಳೇ, ಸರ್ ಕೊನೆಯ ಕಥೆ ಹೇಳಿ ಏಳು ವಾರವಾಯಿತು. ಏನು ಮಾಡಿದಿರಿ? ಯಾರನ್ನು ಏನು ಕೇಳಿದಿರಿ? ಉತ್ತರ ಬಂದರೆ ಬರೆದುಕೊಳ್ಳುತ್ತೇನೆ. ಬರದಿದ್ದರೆ ಹತ್ತನೆಯ ಪುಟ ಖಾಲಿ ಇರಲಿ. ಖಾಲಿ ಪುಟ ನೋಡಿ ನನ್ನ ಕೈ ತುರಿಸುತ್ತದೆ. ಅದನ್ನು ತಡೆದುಕೊಳ್ಳುವುದು ನನ್ನ ಪಾಠ.

ಅಮ್ಮಾ — ನಿಮ್ಮವರ ಹೆಸರಿಗೆ ನನ್ನ ಮಾತು ಸೇರಿಸಿದ್ದಕ್ಕೆ ಎಲ್ಲರ ಎದುರು ಕ್ಷಮೆ ಕೇಳುತ್ತೇನೆ. ಎದ್ದು ಬರಬೇಡಿ, ಕೂತಲ್ಲಿಂದಲೇ ತಲೆ ಆಡಿಸಿದಿರಲ್ಲ, ಸಾಕು.

ಈಗ ದಯವಿಟ್ಟು ಎಲ್ಲರೂ ಏಳೋಣ. ಎರಡು ನಿಮಿಷ. ಸರ್ ಅವರಿಗಾಗಿ ಮೌನವಾಗಿ ನಿಲ್ಲೋಣ. ಕಣ್ಣು ಮುಚ್ಚಲೇಬೇಕೆಂದಿಲ್ಲ, ಅವರು ಮುಚ್ಚುತ್ತಿರಲಿಲ್ಲ. ನೀವು ಯಾರನ್ನೋ ಕೇಳಬೇಕೆಂದು ಬಹಳ ದಿನದಿಂದ ಇಟ್ಟುಕೊಂಡಿರುವ ಒಂದು ಪ್ರಶ್ನೆ ಇದ್ದರೆ, ಈ ಎರಡು ನಿಮಿಷ ಅದರ ಜೊತೆ ನಿಲ್ಲಿ.

ಗಂಟೆಯಣ್ಣಾ, ಸಮಯ ನೀವು ನೋಡಿಕೊಳ್ಳಿ.

ಎದ್ದಳೇ ಅತ್ತೆ? ಇರಲಿ, ಹೊರಗೆ ಕರೆದುಕೊಂಡು ಹೋಗಬೇಡಿ. ಬಾಯಿ ಮುಚ್ಚಿಸಬೇಡಿ. ಅಳಲಿ. ಅವಳೂ ಏನೋ ಕೇಳುತ್ತಿದ್ದಾಳೆ.

ಏಳೋಣ.